ದಿವಾಳಿ ವಕೀಲರು ಎಲ್ಲಿ ಸಿಗ್ತಾರ?

ಹೋದ ಸಲ ಕೆಂಪಿಂಡಿ ಬಗ್ಗೆ ಬರದಾಗ ವೈನಿ ಫೋನ್ ಮಾಡಿ, "ಏನವಾ, ಕಾರಾ ಕುಟ್ಟೂದು, ಹಪ್ಪಳಾ ಒಣಗಸೂದು ಬಿಟ್ರ ಬ್ಯಾರೆ ಸುದ್ದೀನ ಇಲ್ಲೇನು ನಿನ್ನ ಕಡೆ?" ಅಂತ ನಕ್ಕಿದ್ರು. ಸುದ್ದಿ ಇತ್ತು ವೈನಿ, ಭಾಳ ಇತ್ತು. ಹೇಳೂ ಧೈರ್ಯ ಇರಲಿಲ್ಲ. ಈಗ ನಿಮ್ಮೊಳಗ ಇಬ್ಬರ ಮನಿಗೆ ಕೋರ್ಟಿನ ನೋಟೀಸು ಮುಟ್ಟೇತಿ. ನಮ್ಮ ಓಣ್ಯಾಗಂತೂ ಪೋಸ್ಟಮನ್ ಎಷ್ಟು ಸಲ ನಮ್ಮ ಮನಿ ಮುಂದ ನಿಂತಾನ ಅನ್ನೂದು ಎಲ್ಲಾರಿಗೂ ಲೆಕ್ಕ ಐತಿ. ಇನ್ನ ಮುಚ್ಚಿಟ್ಟು ಏನು ಮಾಡೂದು? ಬರೀಲೇನು ಅಂತ ನಮ್ಮ ಮನಿಯವ್ರನ್ನ ಕೇಳಿದೆ. "ಬರಿ, ಹೆಂಗೂ ಕೋರ್ಟಿನ್ಯಾಗ ಹೆಸರು ಹಿಡದು ಒದರಿ ಕರೀತಾರ," ಅಂದ್ರು.

ನಮ್ಮ ಪ್ರೆಸ್ ಮುಳುಗೇತಿ. ಒಂದ ದಿನಕ್ಕ ಮುಳುಗಲಿಲ್ಲ. ನಿಮ್ಮೆಲ್ಲಾರ ಮಕ್ಕಳ ಲಗ್ನಪತ್ರಿಕಾ ನಾವ ಅಚ್ಚು ಹಾಕಿದ್ವಿ, ನೆನಪಿರಬೇಕು. ಮೊದಲ ಒಂದು ಲಗ್ನಕ್ಕ ಸಾವಿರ ಕಾರ್ಡು ಹೇಳ್ತಿದ್ರು. ಲಾಕ್‌ಡೌನ್ ಆದ ಮ್ಯಾಲೆ ಐವತ್ತು ಕಾರ್ಡು ದೇವರ ಮುಂದ ಇಡಾಕ, ಹಿರ್ಯಾರಿಗೆ ಕೊಡಾಕ, ಉಳಿದವ್ರಿಗೆಲ್ಲಾ ಮೊಬೈಲ್‌ನ್ಯಾಗ. ಅದಕ್ಕಿಂತ ಎರಡು ವರ್ಷ ಮೊದಲ ಬ್ಯಾಂಕ್ ಸಾಲಾ ಮಾಡಿ ದೊಡ್ಡ ಮಷೀನು ತಂದಿದ್ವಿ. ಮಷೀನಿನ ಪೂಜಾಕ್ಕ ನೀವೆಲ್ಲಾ ಬಂದು ಹೋಳಿಗಿ ಉಂಡು ಹೋದವ್ರ. ಆ ಮಷೀನಿನ ಕಂತು ಕಟ್ಟಾಕ ಖಾಸಗಿ ಫೈನಾನ್ಸು, ಫೈನಾನ್ಸಿನ ಬಡ್ಡಿ ಕಟ್ಟಾಕ ಕ್ರೆಡಿಟ್ ಕಾರ್ಡು, ಕಾರ್ಡಿಗೆ ನನ್ನ ಬಂಗಾರ. ಒಂದು ಕೊಡದ ತೂತು ಮುಚ್ಚಾಕ ಇನ್ನೊಂದು ಕೊಡಕ್ಕ ತೂತು ಹೊಡದಂಗ.

ನಮ್ಮ ಕಡೆ "ದಿವಾಳಿ" ಅನ್ನೂ ಶಬ್ದಾನ ಒಂದು ಬೈಗಳ. "ಅವ ದಿವಾಳಿ ಎದ್ದು ಹೋದ" ಅಂದ್ರ ಮುಂದ ಅವ್ರ ಮನಿ ಹೆಣ್ಣು ತರೂ ಮಾತ ಇಲ್ಲ. ಅದಕ್ಕ ನಾವಿಬ್ಬರೂ ಆ ಶಬ್ದಾ ಬಾಯಾಗ ತರಲಿಲ್ಲ. "ಸ್ವಲ್ಪ ಟೈಟ್ ಐತಿ" ಅಂತಿದ್ವಿ, ನಾಕು ವರ್ಷ. ಕಡೀಗೆ ಅದನ್ನ ಹೇಳಿದಾಕಿ ನನ್ನ ನೆಗೆಣ್ಣಿ. ಆಕೀದು ತವರುಮನಿ ಬಳ್ಳಾರಿ ಕಡೆ. ಒಂದು ದಿನ ಪಲ್ಲೆ ಸೋಸ್ಕೋತ ಕೂತಾಗ, "ಅಕ್ಕಾ, ನಮ್ಮ ಕಡೆ ಇಂಥಾದ್ದು ಬಂದ್ರ ಐ.ಪಿ. ಹಾಕಿಬಿಡ್ತಾರ" ಅಂದ್ಲು. ಜ್ವರಕ್ಕ ಗುಳಗಿ ತಗೋತಾರ ಅನ್ನೂವಷ್ಟು ಸರಳ ಹೇಳಿದ್ಲು. ಐ.ಪಿ. ಅಂದ್ರ ಏನಂತ ನನಗ ಗೊತ್ತಿರಲಿಲ್ಲ. ಇನ್‌ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಸಾಲಾ ತೀರಸೂದು ನನ್ನಿಂದ ಆಗೂದಿಲ್ಲ, ಇರೂದೆಲ್ಲಾ ಇಲ್ಲೈತಿ, ಕಾಯ್ದೆ ಪ್ರಕಾರ ಎಲ್ಲಾರಿಗೂ ಹಂಚ್ರಿ ಅಂತ ಕೋರ್ಟಿಗೆ ತಾನ ಹೋಗಿ ಹೇಳೂದು. ಹಂಗ ಹೇಳಬಹುದು ಅನ್ನೂದ ನನಗ ಹೊಸಾದು.

ಸರಿ, ವಕೀಲರು ಬೇಕಲ್ಲ? ಅಲ್ಲಿಂದ ಸುರು ಆತು ನಮ್ಮ ತಿರುಗಾಟ.

ನಮ್ಮ ಮನಿಯವ್ರು ಮೊದಲ ಹಿಡದದ್ದು ಮೊಬೈಲ್‌ನ್ಯಾಗ ಬಂದ ಜಾಹೀರಾತು. "ನಿಮ್ಮ ಸಾಲ ಅರ್ಧಕ್ಕ ಇಳಸ್ತೀವಿ" ಅಂತಿತ್ತು. ಫೋನ್ ಮಾಡಿದ್ರ ಒಬ್ಬಾಕಿ ಹುಡುಗಿ ಭಾಳ ಮೃದು ಮಾತಾಡಿದ್ಲು. 12,000 ರೂಪಾಯಿ ಹೆಸರು ನೋಂದಣಿಗೆ. ಇವತ್ತಿಂದ ಯಾವ ಕಂತೂ ಕಟ್ಟಬ್ಯಾಡ್ರಿ, ಯಾರ ಫೋನೂ ಎತ್ತಬ್ಯಾಡ್ರಿ, ಎಲ್ಲಾ ನಾವ ನೋಡ್ಕೋತೀವಿ ಅಂದ್ಲು. ರೊಕ್ಕಾ ಹಾಕಿದ್ವಿ. ಎರಡು ತಿಂಗಳು ಯಾರ ಫೋನೂ ಎತ್ತಲಿಲ್ಲ. ಆಮ್ಯಾಲೆ ನಾವು ಮಾಡಿದ್ರ ಆಕಿನೂ ಎತ್ತಲಿಲ್ಲ! ಅಷ್ಟರಾಗ ಕ್ರೆಡಿಟ್ ಕಾರ್ಡಿನ ವಸೂಲಿಯವ್ರು ಮನಿ ಕಟ್ಟಿ ಮ್ಯಾಲೆ ಬಂದು ಕೂಡ್ರೂದು ಸುರು ಮಾಡಿದ್ರು. ನಮ್ಮ ಅತ್ತಿಯವ್ರಿಗೆ ಗೊತ್ತಿಲ್ಲ ಪಾಪ, ಪ್ರೆಸ್ಸಿನ ಗಿರಾಕಿ ಅಂತ ತಿಳಕೊಂಡು ಚಾ ಮಾಡಿ ಕೊಟ್ಟಿದ್ರು.

ಎರಡನೇದವ್ರು ಬೆಂಗಳೂರಿನ ಒಂದು ಆಫೀಸು. ನಮ್ಮ ಮೈದುನ ಇಂಟರ್ನೆಟ್‌ನ್ಯಾಗ "ದಿವಾಳಿ ವಕೀಲರು" ಅಂತ ಹುಡುಕಿದಾಗ ಸಿಕ್ಕಿದ್ದು. ಅವ್ರು 2016ರ ಹೊಸಾ ಕಾಯ್ದೆ, ಎನ್.ಸಿ.ಎಲ್.ಟಿ., ಪ್ರೊಫೆಷನಲ್ಲು ಅಂತ ಏನೇನೋ ಹೇಳಿ, ಮೊದಲ 75,000 ಕಳಸ್ರಿ ಅಂದ್ರು. ನಮ್ಮ ಕಡೆ ಅಷ್ಟು ಇರಲಿಲ್ಲ, ಅದ ನಮ್ಮನ್ನ ಉಳಿಸ್ತು. ಯಾಕಂದ್ರ ಆಮ್ಯಾಲೆ ಗೊತ್ತಾತು, ಆ 2016ರ ಕಾಯ್ದೆಯೊಳಗ ನಮ್ಮಂಥಾ ಸಾದಾ ಮಂದಿ ದಿವಾಳಿಗೆ ಸಂಬಂಧಪಟ್ಟ ಭಾಗಾನ ಇನ್ನೂ ಜಾರಿಗೆ ತಂದಿಲ್ಲ. ಕಂಪನಿಗೋಳಿಗೆ ಐತಿ, ಕಂಪನಿ ಸಾಲಕ್ಕ ಜಾಮೀನು ನಿಂತವ್ರಿಗೆ 2019ರ ಡಿಸೆಂಬರ್‌ನಿಂದ ಐತಿ, ಅಷ್ಟ. ನಮ್ಮದೇನು ಕಂಪನಿ? ಗಂಡನ ಹೆಸರಿನ್ಯಾಗ ಒಂದು ಅಂಗಡಿ. ನಮ್ಮಂಥವ್ರಿಗೆ ಇವತ್ತಿಗೂ ನಡಿಯೂದು 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಬ್ರಿಟಿಷರ ಕಾಲದ್ದು. (ಮುಂಬೈದಾಗ ಇರೂ ನಾದಿನಿಗೆ ಒಂದು ಮಾತು: ಮುಂಬೈ, ಕೋಲ್ಕತ್ತಾ, ಚೆನ್ನೈ ಪಟ್ಟಣದವ್ರಿಗೆ 1909ರದ್ದು ಬ್ಯಾರೆ ಐತಂತ.) ಅದರ ಪ್ರಕಾರ ಅರ್ಜಿ ಹಾಕೂದು ನಮ್ಮ ಜಿಲ್ಲಾದ ಕೋರ್ಟಿನ್ಯಾಗ. ಬೆಂಗಳೂರು ಬಸ್ಸು ಹತ್ತೂ ಕೆಲಸಾನ ಇಲ್ಲ.

ಮೂರನೇದವ್ರು ನಮ್ಮ ಬೀಗರ ಪೈಕಿ, ಹೊಲಾಮನಿ ವಾಟ್ನಿ ಕೇಸು ನಡಸೂ ವಕೀಲರು. ಫೀ ಬ್ಯಾಡ ಅಂದ್ರು, ಒಳ್ಳೇ ಮನಸಿನ್ಲೇನ ಹೇಳಿದ್ರು: "ಮೊದಲ ನಿಮ್ಮ ಆ ಪ್ಲಾಟು ಹೆಂಡತಿ ಹೆಸರಿಗೆ ದಾನಪತ್ರ ಮಾಡ್ರಿ. ಆಮ್ಯಾಲೆ ಯಾರು ಏನು ಮಾಡ್ಕೋತಾರ ನೋಡೂಣು." ಆ ಪ್ಲಾಟು ನಮ್ಮ ಮಗಳ ಲಗ್ನಕ್ಕಂತ ಇಟ್ಟಿದ್ದು. ಆ ಮಾತು ಕೇಳಿ ನನಗ ಎಷ್ಟು ಹಾಯ್ ಆತು ಅಂದ್ರ, ಅವತ್ತು ರಾತ್ರಿ ಎಷ್ಟೋ ದಿನದ ಮ್ಯಾಲೆ ನಿದ್ದಿ ಬಂತು. ಸುಳ್ಳು ಯಾಕ ಹೇಳ್ಲಿ?

ದಾನಪತ್ರಕ್ಕ ಸ್ಟ್ಯಾಂಪಿನ ವಿಚಾರಾ ಕೇಳಾಕಂತ ನಾನು ಕೋರ್ಟಿನ ಕಡೆ ಹೋದೆ. ಅಲ್ಲೆ ಗಿಡದ ಕೆಳಗ ಟೈಪ್ ಮಾಡ್ಕೋತ ಕೂಡ್ರೂ ಒಬ್ಬ ಅಕ್ಕಾರು ಇದ್ರು. ನನ್ನ ಕಾಗದಾ ನೋಡಿದ್ರು, ನನ್ನ ಮಾರಿ ನೋಡಿದ್ರು. "ಯಾಕ್ರಿ ಅಕ್ಕಾರ, ಸಾಲ ಆಗೇತೇನು?" ಅಂದ್ರು. ಅಷ್ಟು ಕೇಳಿದ್ದಕ್ಕ ಅಲ್ಲೇ ನನಗ ಅಳು ಬಂತು. ಅವ್ರು ಟೈಪಿಂಗ್ ಮಷೀನಿನ ಮ್ಯಾಲೆ ಅರಿವಿ ಹೊಚ್ಚಿ, ಒಂದು ಸ್ಟೂಲು ಸರಿಸಿ ಕೂಡಿಸಿ ನೀರು ಕೊಟ್ರು.

ನಾನು ಕೇಳಿದೆ, "ದಿವಾಳಿ ಕೇಸು ನಡಸೂ ವಕೀಲರು ಯಾರು ಅಂತ ಬೋರ್ಡಿನ ಮ್ಯಾಲೆ ಯಾಕ ಬರದಿರೂದಿಲ್ಲರಿ? ಡಾಕ್ಟರು ಹಾಕ್ತಾರಲ್ಲ, ಕಣ್ಣಿನವ್ರು, ಹಲ್ಲಿನವ್ರು ಅಂತ." ಅವ್ರು ನಕ್ಕು, ವಕೀಲರಿಗೆ ಹಂಗ ಬರಸಾಕ ಬರೂದಿಲ್ಲ ಅಂದ್ರು. ಬಾರ್ ಕೌನ್ಸಿಲ್ಲಿನ 36ನೇ ನಿಯಮ ಅಂತ. ಜಾಹೀರಾತು ಕೊಡೂಹಂಗಿಲ್ಲ, ನಾನು ಇಂಥಾ ಕೇಸಿನ್ಯಾಗ ಪ್ರವೀಣ ಅಂತ ಬೋರ್ಡಿನ್ಯಾಗ ಬರಸೂಹಂಗೂ ಇಲ್ಲ. ಅಂದಮ್ಯಾಲೆ ಮೊಬೈಲ್‌ನ್ಯಾಗ ಅಷ್ಟು ದೊಡ್ಡ ಅಕ್ಷರದಾಗ "ನಾವ ಸಾಲದ ವಕೀಲರು" ಅಂತ ಕರಿಯೂವ್ರು ಒಂದೋ ವಕೀಲರಲ್ಲ, ಇಲ್ಲಾ ನಿಯಮ ಮುರದವ್ರು. ಇಷ್ಟು ಗೊತ್ತಿದ್ದಿದ್ರ ನಮ್ಮ 12,000 ಉಳೀತಿತ್ತು.

ಮತ್ತ ಗೊತ್ತಾಗೂದು ಹೆಂಗ? ಕೇಳೂದು. ಯಾರನ್ನ ಕೇಳಬೇಕು ಅನ್ನೂದ ಮುಖ್ಯ. ಬೀಗರನ್ನ ಕೇಳಿದ್ರ ಬೀಗರ ಪೈಕಿ ವಕೀಲರು ಸಿಗ್ತಾರ. ಕೋರ್ಟಿನ ಅಂಗಳದಾಗ ದಿನಾ ಕೂಡ್ರೂ ಟೈಪಿಂಗ್‌ನವ್ರು, ಸ್ಟ್ಯಾಂಪಿನವ್ರು, ಝೆರಾಕ್ಸ್‌ನವ್ರು, ಇವ್ರಿಗೆ ಯಾರ ಕಾಗದಾ ಹೆಂಗಿರ್ತಾವು, ಯಾರು ತಾರೀಖಿಗೆ ಬರ್ತಾರ, ಯಾರು ಬರೂದಿಲ್ಲ ಎಲ್ಲಾ ಗೊತ್ತಿರತೈತಿ. ಆ ಅಕ್ಕಾರು ಮೂರು ಹೆಸರು ಹೇಳಿದ್ರು. ಮೂರೂ ಮಂದಿ ಹಂತ್ಯಾಕ ಹೋಗ್ರಿ, ಮೊದಲನೇ ಸಲ ಬರೇ ಮಾತಾಡಿ ಬರ್ರಿ, ರೊಕ್ಕಾ ಕೊಡಬ್ಯಾಡ್ರಿ, ಖಾಲಿ ವಕಾಲತ್ತಿನ ಮ್ಯಾಲೆ ಸಹಿನೂ ಮಾಡಬ್ಯಾಡ್ರಿ ಅಂದ್ರು. ಮೂರು ಕಡೆ ಹೋದ್ವಿ. ಒಬ್ಬರು, ನಾನು ಇಂಥಾ ಕೇಸು ಮಾಡಿಲ್ಲ ಅಂತ ಸೀದಾ ಹೇಳಿ ಕಳಿಸಿದ್ರು, ಅವ್ರ ಮ್ಯಾಲೆ ನನಗ ಇನ್ನೂ ಗೌರವ ಐತಿ. ಇನ್ನೊಬ್ಬರು, "ಎಷ್ಟು ಸಾಲ ಬಿಡಸ್ತೀನೋ ಅದರಾಗ ನೂರಕ್ಕ ಹತ್ತು ನನಗ" ಅಂದ್ರು. ನಮಗ ಅದು ಛಲೋ ವ್ಯವಹಾರ ಅನಸ್ತು. ಆದ್ರ ಗೆದ್ದದ್ದರಾಗ ಪಾಲು ತಗೊಳ್ಳೂದು ವಕೀಲರಿಗೆ ನಿಷಿದ್ಧ ಅಂತ, ಅದೂ ಬಾರ್ ಕೌನ್ಸಿಲ್ಲಿನ ನಿಯಮಾನ.

ಮೂರನೇದವ್ರು ಒಬ್ಬ ವಕೀಲ ಮೇಡಂ. ಸಣ್ಣ ಖೋಲಿ, ಎರಡು ಕುರ್ಚಿ, ಗೋಡಿಗೆ ಫೈಲಿನ ಗಂಟು. ನಾವು ಕತಿ ಹೇಳಾಕ ಸುರು ಮಾಡಿದ್ವಿ. ಅವ್ರು ಕೈ ಎತ್ತಿ ನಿಲ್ಲಿಸಿದ್ರು. "ಕತಿ ಆಮ್ಯಾಲೆ. ಕಾಗದಾ ತಂದೀರೇನು?" ತಂದಿರಲಿಲ್ಲ. "ಯಾರ್ಯಾರಿಗೆ ಎಷ್ಟೆಷ್ಟು ಕೊಡೂದೈತಿ?" ನಮ್ಮ ಮನಿಯವ್ರು, "ಒಂದು ಹನ್ನೆರಡು ಲಕ್ಷ" ಅಂದ್ರು. ಮೇಡಂ ನನ್ನ ಕಡೆ ತಿರುಗಿ ಕೇಳಿದ್ರು: "ನೀವು ಎಲ್ಲೆಲ್ಲಿ ಸಹಿ ಮಾಡೀರಿ?"

ನನಗ ಗೊತ್ತಿರಲಿಲ್ಲ. ನೆಲ್ಲಿಕಾಯಿ ಉಪ್ಪಿನಕಾಯಿಗೆ ಎಷ್ಟು ಉಪ್ಪು ಅಂತ ಕೇಳಿದ್ರ ನಿದ್ದಿಗಣ್ಣಾಗ ಹೇಳ್ತೀನಿ. ಎಷ್ಟು ಕಾಗದಕ್ಕ ಸಹಿ ಮಾಡೀನಿ ಅಂದ್ರ ಗೊತ್ತಿಲ್ಲ. ಅವ್ರು ತಂದು ಮುಂದ ಇಡ್ತಿದ್ರು, ನಾನು ಹಿಟ್ಟಿನ ಕೈ ಒರಸ್ಕೊಂಡು ಸಹಿ ಮಾಡ್ತಿದ್ದೆ. ಮೇಡಂ ಬೈಲಿಲ್ಲ. "ಹೋಗ್ರಿ, ಇಬ್ಬರೂ ಕೂತು ಪೂರಾ ಪಟ್ಟಿ ಮಾಡ್ಕೊಂಡು ಬರ್ರಿ. ಕೈಗಡಾ ಕೊಟ್ಟವ್ರನ್ನೂ ಬರೀರಿ, ಬಳಗದವ್ರನ್ನೂ ಬರೀರಿ. ಒಂದು ಹೆಸರು ಮುಚ್ಚಿಟ್ರ ಕೋರ್ಟಿನ್ಯಾಗ ನಾಳೆ ನಿಮಗ ತ್ರಾಸು" ಅಂದು ಕಳಿಸಿದ್ರು.

ಆ ಪಟ್ಟಿ ಮಾಡಿದ ರಾತ್ರಿ ನನ್ನ ಜನ್ಮದಾಗ ಮರೀಲಿಕ್ಕಿಲ್ಲ. ಮಕ್ಕಳು ಮಲಗಿದ ಮ್ಯಾಲೆ ಪಡಸಾಲ್ಯಾಗ ಚಾಪಿ ಹಾಸಿ ಕೂತ್ವಿ. ಪ್ರೆಸ್ಸಿನ ಹಳೇ ಲಗ್ನಪತ್ರಿಕಾದ ಹಿಂದಿನ ಖಾಲಿ ಜಾಗಾದಾಗ ಬರದ್ವಿ, ಕಾಗದಕ್ಕೇನು ಕಮ್ಮಿ ಇರಲಿಲ್ಲ ನಮ್ಮ ಮನ್ಯಾಗ. ಬ್ಯಾಂಕಿನ ಮಷೀನ್ ಸಾಲ 9 ಲಕ್ಷ. ಖಾಸಗಿ ಫೈನಾನ್ಸು 6 ಲಕ್ಷ, ಅದಕ್ಕ ಖಾಲಿ ಚೆಕ್ಕು ಕೊಟ್ಟಾರ. ಕಾಗದದ ವ್ಯಾಪಾರಿಗೆ 2,40,000. ಎರಡು ಕಾರ್ಡು ಕೂಡಿ 1,80,000. ಅಲ್ಲಿಗೇ ಹನ್ನೆರಡು ದಾಟಿ ಹತ್ತೊಂಬತ್ತು ಆಗಿತ್ತು. ಬಂಗಾರದ ಮ್ಯಾಲೆ 1,10,000. ನೆಗೆಣ್ಣಿ ಅಣ್ಣನ ಕಡೆ 1 ಲಕ್ಷ. ಇಷ್ಟಾದ ಮ್ಯಾಲೆ ಅವ್ರು ಪೆನ್ನು ಕೆಳಗಿಟ್ಟು ಸುಮ್ನ ಕೂತ್ರು. ಇನ್ನೊಂದು ಐತೇನು ಅಂದೆ. ಭಾಳ ಹೊತ್ತಿನ ಮ್ಯಾಲೆ, "ನಿಮ್ಮ ಚಿಗವ್ವನ ಕಡೆ ಒಂದೂವರಿ ಲಕ್ಷ ತಗೊಂಡೀನಿ, ನಿನಗ ಹೇಳಬ್ಯಾಡ್ರಿ ಅಂದಿದ್ದೆ" ಅಂದ್ರು.

ನನ್ನ ಚಿಗವ್ವ. ಗಂಡ ಇಲ್ಲ, ಮಕ್ಕಳಿಲ್ಲ. ಶಾಲ್ಯಾಗ ಬಿಸಿಯೂಟ ಮಾಡಿ ಕೂಡಿಸಿದ ರೊಕ್ಕ. ನಾನು ಬಾಯಿ ತಗದು ಬೈಬೇಕು ಅನ್ನೂದ್ರಾಗ ನನ್ನ ನಾಲಿಗಿ ಒಳಗ ಹೋತು. ಯಾಕಂದ್ರ ನನ್ನದೂ ಒಂದಿತ್ತು. ಮಹಿಳಾ ಸಂಘದಾಗ 40,000 ಎತ್ತಿದ್ದೆ, ಮಗಳ ಕಾಲೇಜ್ ಫೀ ಅಂತ. ಫೀಗೆ ಅಲ್ಲ, ಫೈನಾನ್ಸಿನವ್ರಿಗೆ ಎರಡು ತಿಂಗಳ ಬಡ್ಡಿ ಕೊಟ್ಟಿದ್ದೆ, ಅವ್ರು ಪ್ರೆಸ್ಸಿನ ಮುಂದ ಬಂದು ಗದ್ಲ ಮಾಡಬಾರದು ಅಂತ. ಇವ್ರಿಗೆ ಹೇಳಿರಲಿಲ್ಲ. ಅದನ್ನೂ ಬರದೆ. ಒಟ್ಟು 23,20,000. ಆ ರಾತ್ರಿ ನಾವಿಬ್ಬರೂ ಜಗಳಾ ಆಡಲಿಲ್ಲ. ಆಡಾಕ ಯಾರ ಕಡೇನೂ ಮಾರಿ ಇರಲಿಲ್ಲ.

ಮುಂದ ಒಂದು ಚೀಲ ಕಾಗದಾ ಹೊತ್ಕೊಂಡು ಹೋದ್ವಿ. ಮೇಡಂ ಮೂರು ದಿನಾ ಇಟ್ಕೊಂಡು ಓದಿ ಹೇಳಿದ್ದನ್ನ ನನಗ ತಿಳದಷ್ಟು ಬರೀತೀನಿ. ನಮ್ಮ ಮಂದಿಯೊಳಗ ಯಾರಿಗರ ಉಪಯೋಗಕ್ಕ ಬಂದೀತು. ಬರೂದು ಬ್ಯಾಡ ಅಂತನ ದೇವರನ್ನ ಬೇಡ್ಕೋತೀನಿ.

ಮೊದಲನೇದು ಆ ಪ್ಲಾಟು. ದಾನಪತ್ರ ಮಾತ್ರ ಮಾಡಬ್ಯಾಡ್ರಿ ಅಂದ್ರು. ದಿವಾಳಿ ಆಗೂ ಮುಂದ ಎರಡು ವರ್ಷದೊಳಗ ಹಿಂಗ ಪುಕ್ಕಟ ಬರದು ಕೊಟ್ಟ ಆಸ್ತಿ ಇದ್ರ ಕೋರ್ಟಿನಿಂದ ನೇಮಕ ಆದ ರಿಸೀವರು ಅದನ್ನ ರದ್ದು ಮಾಡಸಬಹುದು. ಮ್ಯಾಲಿಂದ ನೀವು ಮೋಸಾ ಮಾಡಾಕ ನಿಂತಿದ್ರಿ ಅನ್ನೂ ಹೆಸರು ಬರತೈತಿ. ಬೀಗರ ಮಾತು ಕೇಳಿದ್ರ ಪ್ಲಾಟೂ ಹೋಗ್ತಿತ್ತು, ಮಾನಾನೂ ಹೋಗ್ತಿತ್ತು.

ಎರಡನೇದು ನನ್ನ ಸಹಿ. ಗಂಡನ ಸಾಲಕ್ಕ ಹೆಂಡ್ತಿ ಅಂತ ಅನ್ನೂ ಕಾರಣಕ್ಕ ನಾನು ಹೊಣಿ ಅಲ್ಲ, ಸಹಿ ಮಾಡಿದ್ರ ಮಾತ್ರ ಹೊಣಿ. ಬ್ಯಾಂಕಿನ ಸಾಲಕ್ಕ ನಾನು ಜಾಮೀನು ನಿಂತೀನಿ ಅಂತ ಆ ಚೀಲದಾಗಿನ ಕಾಗದದಾಗ ಸಿಕ್ತು. ಗಂಡಗ ದಿವಾಳಿ ಬಿಡುಗಡಿ ಸಿಕ್ರೂ ಜಾಮೀನು ನಿಂತವ್ರಿಗೆ ಸಿಗೂದಿಲ್ಲ. ಅದಕ್ಕ ಮೇಡಂ ದಿವಾಳಿ ಅರ್ಜಿಕ್ಕಿಂತ ಮೊದಲ ಬ್ಯಾಂಕಿನ ಕೂಡ ಮಾತಾಡಿದ್ರು. ಬ್ಯಾಂಕಿನ ಒಪ್ಪಿಗಿ ಮ್ಯಾಲೆ ಮಷೀನು ಮಾರಿ, ಉಳಿದದ್ದಕ್ಕ ಒಂದ ಸಲದ ತೀರುವಳಿ ಮಾಡಸಾಕ ಈಗೂ ಓಡಾಡಾಕತ್ತಾರ. ಅಡವಿಟ್ಟ ವಸ್ತುವಿನ ಮ್ಯಾಲೆ ಬ್ಯಾಂಕಿಗೆ ಇರೂ ಹಕ್ಕು ದಿವಾಳಿ ಅರ್ಜಿಯಿಂದ ಹೋಗೂದಿಲ್ಲ, ನನ್ನ ಬಂಗಾರಕ್ಕೂ ಅದ ಮಾತು.

ಇನ್ನ ಖಾಲಿ ಚೆಕ್ಕಿನದು. ಚೆಕ್ ಬೌನ್ಸ್ ಅನ್ನೂದು ಫೌಜದಾರಿ ಕೇಸು, ದಿವಾಳಿ ಅರ್ಜಿ ಹಾಕಿದ್ರೂ ನಿಲ್ಲೂದಿಲ್ಲ. ನೋಟೀಸು ಕೈಗೆ ಮುಟ್ಟಿದ 15 ದಿನದೊಳಗ ರೊಕ್ಕಾ ಕೊಡಬೇಕು, ಇಲ್ಲಾ ಕೇಸು ಬರತೈತಿ. ನಮ್ಮ ಮನ್ಯಾಗ ಆ ನೋಟೀಸಿನ ಲಕೋಟಿ ಒಡೀದನ ಫ್ರಿಜ್ಜಿನ ಮ್ಯಾಲೆ ಬಿದ್ದಿತ್ತು, ಹನ್ನೊಂದು ದಿನಾ. ಹೆದರಿ ಒಡದಿರಲಿಲ್ಲ. ಅಕ್ಕಾರ, ಲಕೋಟಿ ಒಡೀರಿ. ಒಳಗಿಂದೇನು ಕಚ್ಚೂದಿಲ್ಲ, ದಿನಾ ಕಚ್ಚತಾವು.

ಹಂಗ ಪುಕ್ಕಟ ಏನೂ ತೊಳದು ಹೋಗೂದಿಲ್ಲ ಅಂತನೂ ಹೇಳಿದ್ರು. ಸರ್ಕಾರದ ಬಾಕಿ, ಮೋಸಾ ಮಾಡಿ ತಗೊಂಡ ಸಾಲ, ಕೋರ್ಟು ಕೊಡು ಅಂದ ಜೀವನಾಂಶ, ಇವು ದಿವಾಳಿಯಿಂದ ಬಿಡೂದಿಲ್ಲ. ದಿವಾಳಿ ಅಂತ ಘೋಷಣಾ ಆದವ್ರು ಬಿಡುಗಡಿ ಆಗೂ ತನಕಾ ಪಂಚಾಯ್ತಿ, ಮುನ್ಸಿಪಾಲ್ಟಿ ಇಲೆಕ್ಷನ್‌ಗೆ ನಿಂದ್ರಾಕ ಬರೂದಿಲ್ಲ. "ಅದೊಂದು ಉಳೀತು ಬಿಡು" ಅಂದ್ರು ನಮ್ಮ ಮನಿಯವ್ರು. ಬಹಳ ದಿನದ ಮ್ಯಾಲೆ ಅವ್ರ ಬಾಯಾಗ ಚ್ಯಾಷ್ಟಿ ಮಾತು ಬಂದದ್ದು ಅವತ್ತ.

ನಾನು ಒಂದು ಕೇಳಬೇಕಿತ್ತು, ನಾಚಿಕಿ ಆಗ್ತಿತ್ತು. ರಾತ್ರಿ ಎದ್ದು ಅಡಗಿಮನ್ಯಾಗ ನಿಂತು ಹಂಡೆ, ತಪೇಲಿ, ಅವ್ವ ಕೊಟ್ಟ ಹಿತ್ತಾಳಿ ಕೊಡ ಎಣಸಿ ಬರ್ತಿದ್ದೆ, ಜಪ್ತಿಗೆ ಬಂದ್ರ ಏನೇನು ಒಯ್ತಾರ ಅಂತ. ಮೇಡಂಗೆ ಅದು ಹೆಂಗ ತಿಳೀತೋ, ತಾವ ಹೇಳಿದ್ರು. ಸಿವಿಲ್ ಪ್ರೊಸೀಜರ್ ಕೋಡ್ 60ನೇ ಕಲಂ ಪ್ರಕಾರ ಉಡೂ ಅರಿವಿ, ಅಡಗಿ ಪಾತ್ರಿ, ಹಾಸಿಗಿ ಜಪ್ತಿ ಮಾಡೂಹಂಗಿಲ್ಲ. ಧರ್ಮದ ಪ್ರಕಾರ ಹೆಣ್ಣಮಗಳು ತಗದು ಕೊಡಬಾರದ ಒಡವಿನೂ ಮುಟ್ಟೂಹಂಗಿಲ್ಲ, ಅಂದ್ರ ತಾಳಿ. ಕೈಕಸಬಿನವ್ರ ಸಾಮಾನೂ ಹಂಗ. ಇದೆಲ್ಲಾ ದಿವಾಳಿ ಆದವ್ರ ಆಸ್ತಿ ಲೆಕ್ಕದಾಗ ಬರೂದಿಲ್ಲ. ಇನ್ನೊಂದು, ರೊಕ್ಕದ ಡಿಕ್ರಿ ಸಂಬಂಧ ಹೆಣ್ಣಮಕ್ಕಳನ್ನ ಸಿವಿಲ್ ಜೈಲಿಗೆ ಹಾಕೂಹಂಗಿಲ್ಲ, ಅದು 56ನೇ ಕಲಂ. ವಸೂಲಿಗೆ ಬಂದ ಹುಡುಗರು ನನಗ, "ಅಕ್ಕಾ ನಿನ್ನ ಒಳಗ ಹಾಕಸ್ತೀವಿ" ಅಂದಿದ್ರಲ್ಲ, ಅದನ್ನ ಕೇಳಿ ನಾನು ಎಂಟು ದಿನಾ ಅನ್ನಾ ಬಿಟ್ಟಿದ್ದೆ. ಅನ್ನ ತಿಂದಿದ್ರ ಆಗ್ತಿತ್ತು.

ಫೀ 25,000, ಮೂರು ಕಂತಿನ್ಯಾಗ, ಕೋರ್ಟ್ ಖರ್ಚು ಬ್ಯಾರೆ. ಒಂದು ಹಾಳಿ ಮ್ಯಾಲೆ ಬರದು ಕೊಟ್ರು, ಕೊಟ್ಟದ್ದಕ್ಕ ರಶೀದಿನೂ ಕೊಡ್ತಾರ. ದಿವಾಳಿ ಆಗಾಕೂ ರೊಕ್ಕಾ ಬೇಕಲ್ಲ ಅಂತ ನಕ್ಕೆ. ಆಗ ಮೇಡಂ ಹೇಳಿದ್ರು: ನಿಮ್ಮ ಹೆಸರಿನ ಮ್ಯಾಲೆ ಬ್ಯಾಂಕಿನವ್ರು ಕೇಸು ಹಾಕಿದ್ರ ನನಗ ಫೀ ಕೊಡೂದು ಬ್ಯಾಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. 1987ರ ಕಾಯ್ದೆ ಪ್ರಕಾರ ಹೆಣ್ಣಮಕ್ಕಳಿಗೆ ಪುಕ್ಕಟ ವಕೀಲರನ್ನ ಕೊಡ್ತಾರ, ಗಂಡನ ಪಗಾರ ಎಷ್ಟು ಅಂತನೂ ಕೇಳೂದಿಲ್ಲ. 15100ಕ್ಕ ಫೋನ್ ಮಾಡಿದ್ರೂ ಹೇಳ್ತಾರ. ಗಂಡಸರಿಗಾದ್ರ ಆದಾಯದ ಲೆಕ್ಕ ಐತಿ. ನೀವೆಲ್ಲಾ ಆ ನಂಬರ್ ಅಡಗಿಮನಿ ಕ್ಯಾಲೆಂಡರ್ ಮ್ಯಾಲೆ ಬರದಿಡ್ರಿ, ಗ್ಯಾಸಿನ ನಂಬರಿನ ಕೆಳಗ.

ಇನ್ನ ಚಿಗವ್ವನ ವಿಷಯಾ. ಇದನ್ನ ಬರಿಯಾಕನ ನಾನು ಇಷ್ಟೆಲ್ಲಾ ಬರದೆ ಅಂತ ಕಾಣತೈತಿ.

ನಮ್ಮ ಮನಿಯವ್ರ ಮನಸಿನ್ಯಾಗ ಒಂದ ಇತ್ತು. ಬರೂ ಒಂದಿಷ್ಟು ಬಾಕಿ ವಸೂಲಾದ್ರ ಮೊದಲ ಚಿಗವ್ವನ ರೊಕ್ಕಾ ಕೊಟ್ಟು, ಆಮ್ಯಾಲೆ ಅರ್ಜಿ ಹಾಕೂಣು ಅಂತ. ನನಗೂ ಅದ ನ್ಯಾಯ ಅನಸಿತ್ತು. ಮೇಡಂ ತಲಿ ಅಲ್ಲಾಡಿಸಿದ್ರು. ಅರ್ಜಿಗೆ ಮೂರು ತಿಂಗಳ ಒಳಗ ಒಬ್ಬರಿಗೆ ಕೊಟ್ಟು ಉಳಿದವ್ರಿಗೆ ಕೈ ಎತ್ತಿದ್ರ, ಆ ಕೊಟ್ಟದ್ದನ್ನೂ ಕೋರ್ಟು ವಾಪಸ್ ತರಸಬಹುದು. "ಚಿಗವ್ವನ ಕೈಯಾಗಿಂದ ರೊಕ್ಕಾ ವಾಪಸ್ ಕಿತ್ಕೊಳ್ಳೂದು ನೋಡ್ತೀರೇನು?" ಅಂದ್ರು. ಪಟ್ಟಿಯಾಗ ಎಲ್ಲಾರೂ ಒಂದ ಸಾಲಿನ್ಯಾಗ. ನೂರಕ್ಕ ಮೂರು ಬಡ್ಡಿ ತಿಂದ ಫೈನಾನ್ಸಿನವ್ರೂ, ಬಡ್ಡಿ ಕೇಳದ ಚಿಗವ್ವನೂ. ಇದು ನನಗ ಇವತ್ತಿಗೂ ಸರಿ ಅನಸಿಲ್ಲ. ಕಾಯ್ದೆ ಹಂಗೈತಿ, ಆತು. ಆದ್ರ ಸರಿ ಅನಸಿಲ್ಲ.

ಅರ್ಜಿ ಹಾಕಿದ್ವಿ. ಚಿಗವ್ವಗ ನೋಟೀಸು ಹೋತು. ಮೊದಲ ನಾನ ಹೋಗಿ ಹೇಳಬೇಕಿತ್ತು. ಇವತ್ತು ಹೋಗೂಣು, ನಾಳೆ ಹೋಗೂಣು ಅಂತ ತಡಾ ಮಾಡಿದೆ, ಪೋಸ್ಟಮನ್ ನನಗಿಂತ ಮೊದಲ ಹೋದ. ಒಂದು ತಿಂಗಳು ಆಕಿ ನನ್ನ ಫೋನ್ ಎತ್ತಲಿಲ್ಲ. ಪಂಚಮಿ ಉಂಡಿ ಕಳಿಸಿದ್ರ ಡಬ್ಬಿ ತುಂಬಿದ್ದು ತುಂಬಿದಂಗನ ವಾಪಸ್ ಬಂತು. ನಿಮ್ಮೊಳಗ ಕೆಲವ್ರು ಆಕಿ ಕಡೆ, ಕೆಲವ್ರು ನಮ್ಮ ಕಡೆ ಮಾತಾಡಿದ್ದು ನನ್ನ ಕಿವಿಗೂ ಬಿದ್ದೈತಿ. ಆಕಿ ಕಡೆ ಮಾತಾಡಿದವ್ರ ಮ್ಯಾಲೆ ನನಗ ಸಿಟ್ಟಿಲ್ಲ.

ಹೋದ ವಾರ ಮುಂಜಾನೆ ರೊಟ್ಟಿ ಬಡಿಯಾಕತ್ತಿದ್ದೆ. ಬಾಗಲದಾಗ ಚಿಗವ್ವ ನಿಂತಿದ್ಲು, ಬಗಲಾಗ ನೋಟೀಸು. ಒಳಗ ಬಂದು ನೆಲದ ಮ್ಯಾಲೆ ಕೂತು, "ಇದನ್ನ ಓದಿ ಹೇಳು. ನನಗ ನಿನ್ನ ಮ್ಯಾಲೆ ಸಿಟ್ಟೈತಿ, ಅದು ಬ್ಯಾರೆ" ಅಂದ್ಲು. ಓದಿ ಹೇಳಿದೆ. ಮುಂದ ದಿವಾಳಿ ಅಂತ ಘೋಷಣಾ ಆದ್ರ ಸಾಲಾ ಕೊಟ್ಟವ್ರು ತಾವು ಕೊಟ್ಟದ್ದು ಖರೆ ಅಂತ ಕೋರ್ಟಿಗೆ ರುಜುವಾತು ಮಾಡಬೇಕು, ಅಂದ್ರ ಪ್ಲಾಟು ಮಾರಿ ಬಂದದ್ದರಾಗ ಪಾಲು ಸಿಗತೈತಿ ಅಂದೆ. ಎಷ್ಟು ಸಿಗತೈತಿ ಅಂದ್ಲು. ಪೂರಾ ಸಿಗೂದಿಲ್ಲ ಅಂದೆ. ಸುಳ್ಳು ಹೇಳಿ ಸಾಕಾಗಿತ್ತು ನನಗ.

"ನನ್ನ ಕಡೆ ಚೀಟಿ ಇಲ್ಲ, ಕಾಗದಾ ಇಲ್ಲ. ಅಳಿಯಾ ಅಂತ ಕೈಯಾಗ ಕೊಟ್ಟೆ" ಅಂದ್ಲು.

ಮೇಡಂಗೆ ಫೋನ್ ಮಾಡಿದೆ. ಅವ್ರು ಚಿಗವ್ವನ ಪರವಾಗಿ ಏನೂ ಹೇಳೂಹಂಗಿಲ್ಲ ಅಂದ್ರು, ಅವ್ರು ನಮ್ಮ ವಕೀಲರು, ಚಿಗವ್ವ ಎದುರಿನವ್ರು. ಆಕಿಗೆ ಬ್ಯಾರೆ ವಕೀಲರು ಬೇಕು. ರೊಟ್ಟಿ ತವಾ ಕೆಳಗಿಳಿಸಿ, ಸೀರಿ ಬದಲಿ ಮಾಡಿ, ಚಿಗವ್ವನ್ನ ಕರ್ಕೊಂಡು ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋದೆ. ಆಟೋದಾಗ ಇಬ್ಬರೂ ಮಾತಾಡಲಿಲ್ಲ. ಆಕಿ ಬ್ಯಾಂಕ್ ಪಾಸ್‌ಬುಕ್ ತಂದಿದ್ಲು, ರೊಕ್ಕಾ ತಗದ ತಾರೀಖು ಅದರಾಗಿತ್ತು. ಅದೊಂದು ಸಾಕ್ಷಿ ಆದೀತು.

ಆಫೀಸಿನ್ಯಾಗ ಒಬ್ಬ ಹುಡುಗ ಫಾರ್ಮು ತುಂಬಿಕೋತ ಕೂತಿದ್ದ. ಚಿಗವ್ವನ ಹೆಸರು, ವಯಸ್ಸು, ವಿಳಾಸ ಬರಕೊಂಡ. ನನ್ನ ಕಡೆ ನೋಡಿ, "ಇವ್ರು ನಿಮಗ ಏನಾಗಬೇಕ್ರಿ?" ಅಂದ.

"ನಮ್ಮ ಅಕ್ಕನ ಮಗಳು."

"ಎದುರುದಾರರು ಯಾರು?"

ಚಿಗವ್ವ ನನ್ನ ಕಡೆ ಕೈ ಮಾಡಿದ್ಲು. "ಈಕಿ ಗಂಡ."

ಹುಡುಗ ಪೆನ್ನು ನಿಲ್ಲಿಸಿ ಒಮ್ಮೆ ಆಕಿನ್ನ, ಒಮ್ಮೆ ನನ್ನ ನೋಡಿದ. "ಬರಕೋರಿ," ಅಂದೆ ನಾನು, "ಸ್ಪೆಲಿಂಗ್ ನಾ ಹೇಳ್ತೀನಿ."